ಹೈಕೋರ್ಟ್ ನ್ಯಾಯಮೂರ್ತಿ ಆಗಬೇಕೆ? ಮೊದಲು ವಯಸ್ಸಿನ ಲೆಕ್ಕ ಹಾಕಿ

ಹೈಕೋರ್ಟ್ ನ್ಯಾಯಮೂರ್ತಿ ಸ್ಥಾನಕ್ಕೆ ಅರ್ಜಿಯೂ ಇಲ್ಲ, ಪರೀಕ್ಷೆಯೂ ಇಲ್ಲ. ಸಂವಿಧಾನದ 217ನೇ ವಿಧಿ ಕೇಳುವುದು ಭಾರತದ ಪೌರತ್ವ, ಜೊತೆಗೆ ಹೈಕೋರ್ಟಿನಲ್ಲಿ 10 ವರ್ಷ ವಕೀಲಿಕೆ ಅಥವಾ 10 ವರ್ಷ ನ್ಯಾಯಾಂಗ ಹುದ್ದೆ. ನಿವೃತ್ತಿ 62ಕ್ಕೆ. ಅರ್ಹತೆ ಬಹಳ ಮಂದಿಗಿದೆ, ಕೈಕೊಡುವುದು ವಯಸ್ಸು.

ನ್ಯಾಯಾಂಗ ಸೇವೆಯ ದಾರಿ ಹಿಡಿದರೆ ಮೊದಲ ಮೆಟ್ಟಿಲು ಸಿವಿಲ್ ನ್ಯಾಯಾಧೀಶ ಹುದ್ದೆ. ಸುಪ್ರೀಂ ಕೋರ್ಟಿನ 2025ರ ಮೇ 20ರ ತೀರ್ಪಿನ ಪ್ರಕಾರ ಇದಕ್ಕೆ 3 ವರ್ಷದ ವಕೀಲಿಕೆ ಬೇಕು. ಎಣಿಕೆ ವಕೀಲರ ಪರಿಷತ್ತಿನಲ್ಲಿ ತಾತ್ಕಾಲಿಕ ನೋಂದಣಿಯಾದ ದಿನದಿಂದಲೇ ಶುರು. ಕನಿಷ್ಠ 10 ವರ್ಷ ಅನುಭವವಿರುವ ವಕೀಲರು ಪ್ರಮಾಣಪತ್ರ ಕೊಡಬೇಕು, ಅದಕ್ಕೆ ನ್ಯಾಯಾಧಿಕಾರಿಯ ದೃಢೀಕರಣವೂ ಬೇಕು. ಕಿರಿಯ ವಕೀಲರು ಎಡವುವುದು ಇಲ್ಲೇ: ದಿನವೂ ಕೋರ್ಟಿಗೆ ಹೋಗುತ್ತಾರೆ, ಕಕ್ಷಿದಾರರು ವಕೀಲರಿಗೆ ಬರೆದುಕೊಡುವ ಅಧಿಕಾರಪತ್ರವಾದ ವಕಾಲತ್ತಿನಲ್ಲಿ ಮಾತ್ರ ಹಿರಿಯರ ಹೆಸರಷ್ಟೇ ಇರುತ್ತದೆ. ಮೊದಲ ತಿಂಗಳಿಂದಲೇ ನಿಮ್ಮ ಹೆಸರನ್ನೂ ಸೇರಿಸಿಕೊಳ್ಳಿ, ಆದೇಶದ ಪ್ರತಿಗಳನ್ನು ತೆಗೆದಿಡಿ.

ಕರ್ನಾಟಕದ ಪರೀಕ್ಷೆಯಲ್ಲಿ ಪೂರ್ವಭಾವಿ, ಮುಖ್ಯ, ಮೌಖಿಕ ಎಂಬ ಮೂರು ಹಂತ. ಸೆಕ್ಷನ್‌ಗಳನ್ನು ಬಾಯಿಪಾಠ ಮಾಡಿದವರು ಪೂರ್ವಭಾವಿ ದಾಟುತ್ತಾರೆ. ಮುಖ್ಯ ಪರೀಕ್ಷೆಯಲ್ಲಿ ವಿವಾದಾಂಶ (ಕೋರ್ಟ್ ತೀರ್ಮಾನಿಸಬೇಕಾದ ಪ್ರಶ್ನೆ) ರಚನೆ, ದೋಷಾರೋಪ (ಆರೋಪಿಯ ಮೇಲಿನ ಆರೋಪಪಟ್ಟಿ) ಮತ್ತು ತೀರ್ಪು ಬರೆಯುವುದು ಮತ್ತು ಕನ್ನಡ–ಇಂಗ್ಲಿಷ್ ಭಾಷಾಂತರ ಬಂದಾಗ ತಡವರಿಸುತ್ತಾರೆ. ವಾರಕ್ಕೊಂದಾದರೂ ತೀರ್ಪನ್ನು ಗಡಿಯಾರ ಇಟ್ಟುಕೊಂಡು ಕೈಯಲ್ಲೇ ಬರೆಯಿರಿ. ಸಾಕ್ಷಿ ಹೇಳಿಕೆಯ ಕನ್ನಡ ಪುಸ್ತಕದ ಕನ್ನಡವಲ್ಲ, ಅದನ್ನು ಕಡತಗಳಿಂದಲೇ ಕಲಿಯಬೇಕು.

ಮುಂದಿನ ಮೆಟ್ಟಿಲು ಹಿರಿಯ ಸಿವಿಲ್ ನ್ಯಾಯಾಧೀಶ, ಅದರ ಮೇಲೆ ಜಿಲ್ಲಾ ನ್ಯಾಯಾಧೀಶ. ಜಿಲ್ಲಾ ಹುದ್ದೆಗಳಲ್ಲಿ ಶೇ 50 ಬಡ್ತಿಗೆ, ಶೇ 25 ಸೇವೆಯಲ್ಲಿರುವ ನ್ಯಾಯಾಧೀಶರಿಗಷ್ಟೇ ಇರುವ ಸೀಮಿತ ಸ್ಪರ್ಧಾತ್ಮಕ ಪರೀಕ್ಷೆಗೆ, ಶೇ 25 ನೇರ ನೇಮಕಾತಿಗೆ. ನೇರ ನೇಮಕಾತಿಗೆ 7 ವರ್ಷದ ವಕೀಲಿಕೆ ಬೇಕು. ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ 2025ರ ಅಕ್ಟೋಬರ್‌ನ ತೀರ್ಪಿನ ನಂತರ ವಕೀಲಿಕೆ ಮತ್ತು ಸೇವೆ ಸೇರಿ 7 ವರ್ಷವಾದ ನ್ಯಾಯಾಧೀಶರೂ 35 ತುಂಬಿದ್ದರೆ ಸ್ಪರ್ಧಿಸಬಹುದು. ಬಡ್ತಿಗಾಗಿ ಕಾಯುತ್ತಾ ಕೂರಬೇಡಿ. ಸೇವೆಯಿಂದ ಹೈಕೋರ್ಟಿಗೆ ಹೆಸರು ಹೋಗಲು, ಸ್ಥಾನ ಖಾಲಿಯಾದ ದಿನ ವಯಸ್ಸು ಸಾಮಾನ್ಯವಾಗಿ 58½ ಮೀರಿರಬಾರದು. ಜಿಲ್ಲಾ ಹಂತಕ್ಕೆ ಐವತ್ತರ ಆಚೆ ಬಂದವರಿಗೆ ಜ್ಯೇಷ್ಠತೆ ಕೂಡುವ ಹೊತ್ತಿಗೆ ಆ ಗೆರೆ ದಾಟಿರುತ್ತದೆ.

ಹೆಸರು ಸೂಚಿಸುವುದು ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಮತ್ತು ಇಬ್ಬರು ಅತಿ ಹಿರಿಯ ನ್ಯಾಯಮೂರ್ತಿಗಳ ಆಯ್ಕೆ ಮಂಡಳಿ, ಅಂದರೆ ಕೊಲಿಜಿಯಂ. ರಾಜ್ಯ ಸರ್ಕಾರ, ಗುಪ್ತಚರ ವರದಿ, ಕೇಂದ್ರ, ಸುಪ್ರೀಂ ಕೋರ್ಟ್ ಕೊಲಿಜಿಯಂ ದಾಟಿ ಕಡತ ರಾಷ್ಟ್ರಪತಿಗಳ ಮುಂದೆ ಬರುತ್ತದೆ. ಸೇವೆಯವರಿಗೆ ತೂಕ ಕೊಡುವುದು ತೀರ್ಪುಗಳ ಗುಣಮಟ್ಟ ಮತ್ತು ಅವರ ಕೆಲಸದ ಬಗ್ಗೆ ಮೇಲಿನವರು ಬರೆಯುವ ಗೌಪ್ಯ ವರದಿ; ವಕೀಲರಿಗೆ ಅವರು ವಾದಿಸಿದ ಪ್ರಕರಣಗಳು ಮತ್ತು ವೃತ್ತಿ ಆದಾಯ. ವಕೀಲರಾಗಿದ್ದರೆ ಆ ಪ್ರಕರಣಗಳ ಪಟ್ಟಿಯನ್ನು ವರ್ಷವರ್ಷವೂ ಬರೆದಿಡಿ. ಆರಂಭದಲ್ಲಿ ಸಿಗುವುದು ಬಹುಪಾಲು ಹೆಚ್ಚುವರಿ ನ್ಯಾಯಮೂರ್ತಿ ಸ್ಥಾನ, ಅವಧಿ ಗರಿಷ್ಠ 2 ವರ್ಷ. ಕಾಯಂ ಆದ ಮೇಲೆ ನಿವೃತ್ತರಾದರೆ 220ನೇ ವಿಧಿಯಂತೆ ಅದೇ ಹೈಕೋರ್ಟಿನಲ್ಲಿ ಮತ್ತೆ ವಾದಿಸುವಂತಿಲ್ಲ.