ಭಾರದ ಕಯಾಕ್‌ಗೆ ಗಟ್ಟಿ ಗಾಡಿ: ನಾನು ಆರಿಸಿಕೊಂಡ ಬಗೆ

ಕಯಾಕ್ (ಹುಟ್ಟು ಹಾಕಿ ನಡೆಸುವ ಉದ್ದನೆಯ ಕಿರುದೋಣಿ) ಕೊಳ್ಳುವಾಗ ಅದರ ಉದ್ದ, ಅಗಲ, ಆಸನ, ನೀರಿನ ಮೇಲೆ ಅದು ನಿಲ್ಲುವ ರೀತಿ ಇವೆಲ್ಲವನ್ನೂ ವಾರಗಟ್ಟಲೆ ವಿಚಾರಿಸುವವರು, ಅದನ್ನು ಕಾರಿನಿಂದ ನೀರಿನವರೆಗೆ ಒಯ್ಯುವ ಗಾಡಿಯನ್ನು ಮಾತ್ರ ಬೆಲೆ ಮತ್ತು ಲೇಬಲ್ಲಿನ ಮೇಲಿರುವ ಭಾರದ ಅಂಕಿ ಎರಡನ್ನೇ ನೋಡಿ ಆರಿಸಿಬಿಡುತ್ತಾರೆ. ಹಗುರ ದೋಣಿಗಾದರೆ ಇಷ್ಟು ಸಾಕು. ರಭಸದ ಹೊಳೆಯಲ್ಲಿ ಬಳಸುವ ಗಿಡ್ಡ ಕಯಾಕ್ ಸುಮಾರು 20 ಕೆ.ಜಿ. ಇರುತ್ತದೆ, ಅದನ್ನು ಹೆಗಲ ಮೇಲೆ ಹೊತ್ತು ನಡೆಯಬಹುದು. ಆದರೆ ಮೀನು ಹಿಡಿಯುವುದಕ್ಕೆಂದೇ ಮಾಡಿದ, ಮೇಲೆ ಕುಳಿತು ಹುಟ್ಟು ಹಾಕುವಂಥ ಅಗಲವಾದ ಪಾಲಿಎಥಿಲೀನ್ ಪ್ಲಾಸ್ಟಿಕ್ಕಿನ ಕಯಾಕ್‌ಗಳು ಬರಿದಾಗಿದ್ದಾಗಲೇ 40ರಿಂದ 55 ಕೆ.ಜಿ. ತೂಗುತ್ತವೆ. ನನ್ನದು ಈ ಜಾತಿಯದು. ಇಂಥ ದೋಣಿಗೆ ಗಾಡಿ ಹುಡುಕುವಾಗ ನಾನು ಹಿಡಿದ ದಾರಿ ಇಷ್ಟೇ: ಗಾಡಿಯನ್ನು ದೋಣಿಗೆ ಹೊಂದಿಸುವುದಕ್ಕೂ ಮೊದಲು ಅದು ಉರುಳಬೇಕಾದ ನೆಲಕ್ಕೆ ಹೊಂದಿಸುವುದು.

ಬೆಂಗಳೂರಿನಲ್ಲಿ ಇರುವವರಿಗೆ ಈ ನೆಲ ಒಂದೇ ಬಗೆಯದಲ್ಲ. ನಾಲ್ಕು ಮೀಟರ್ ಹತ್ತಿರದ ಕಯಾಕ್ ಲಿಫ್ಟಿನೊಳಗೆ ಹೋಗುವುದಿಲ್ಲವಾದ್ದರಿಂದ ಅದು ಕಾರು ನಿಲ್ಲಿಸುವ ಜಾಗದಲ್ಲೇ ಉಳಿಯುತ್ತದೆ. ಅಲ್ಲಿಂದ ಇಳಿಜಾರು, ಗೇಟಿನ ಕಬ್ಬಿಣದ ಹಳಿ, ರಸ್ತೆಯ ಉಬ್ಬು ದಾಟಿ ಹೊರಗೆ ಬರಬೇಕು. ಮಾಗಡಿ, ರಾಮನಗರದ ಕಡೆ ಮಂಚನಬೆಲೆಯಂಥ ಜಲಾಶಯಗಳಿಗೆ ಹೋದರೆ ಅಲ್ಲಿ ಕಲ್ಲುಬಂಡೆಯ ನಡುವಿನ ಕಾಲುದಾರಿ, ಕೆಂಪು ಮಣ್ಣು, ಜಾಲಿಯ ಮುಳ್ಳು. ಬೇಸಿಗೆಯಲ್ಲಿ ನೀರು ಹಿಂದೆ ಸರಿದಂತೆ, ಮಳೆಗಾಲದಲ್ಲಿ ಕೈಗೆಟುಕುವಷ್ಟು ಹತ್ತಿರವಿದ್ದ ದಡ ದೂರವಾಗಿ ನಡುವೆ ಹೂಳಿನ ಪಟ್ಟಿಯೊಂದು ತೆರೆದುಕೊಳ್ಳುತ್ತದೆ. ಮೇಲೆ ಬಿರುಕು ಬಿಟ್ಟು ಒಣಗಿದಂತೆ ಕಂಡರೂ ಅದರ ಅಡಿಯಲ್ಲಿ ಮೆತ್ತನೆಯ ಕೆಸರು ಇರುತ್ತದೆ. ಕರಾವಳಿಗೆ ಹೋದರೆ ಮರಳು. (ಎಲ್ಲಿಯೇ ಆಗಲಿ, ದೋಣಿ ಇಳಿಸಲು ಅನುಮತಿ ಇದೆಯೇ ಎಂಬುದನ್ನು ಮೊದಲು ವಿಚಾರಿಸಿಯೇ ಹೊರಡಬೇಕು.) ಕಾಂಕ್ರೀಟಿನ ಮೇಲೆ ಸಲೀಸಾಗಿ ಓಡುವ ಗಾಡಿ ಹೂಳಿನಲ್ಲಿ ನಾಲ್ಕು ಹೆಜ್ಜೆಯೂ ಹೋಗದಿರಬಹುದು.

ಭಾರದ ಲೆಕ್ಕವನ್ನು ದೋಣಿಯ ತೂಕದಿಂದ ಆರಂಭಿಸಿದರೂ ಅಲ್ಲಿಗೇ ನಿಲ್ಲಿಸಬಾರದು. ಜೀವರಕ್ಷಕ ಅಂಗಿ, ಹುಟ್ಟು, ಲಂಗರು, ಕುಡಿಯುವ ನೀರು, ಗಾಳದ ಸಾಮಾನು ಎಲ್ಲವೂ ದೋಣಿಯಲ್ಲಿಯೇ ಕೂತು ಗಾಡಿಯ ಮೇಲೆ ಬರುತ್ತವೆ. ಮೋಟಾರು ಇದ್ದರೆ ಬ್ಯಾಟರಿಯ ಪ್ರಶ್ನೆ ದೊಡ್ಡದು: 12 ವೋಲ್ಟಿನ 100 ಆಂಪಿಯರ್ ಅವರ್ ಸೀಸದ ಬ್ಯಾಟರಿ ಸುಮಾರು 30 ಕೆ.ಜಿ. ಇದ್ದರೆ, ಅಷ್ಟೇ ಶಕ್ತಿಯ ಲಿಥಿಯಂ ಕಬ್ಬಿಣದ ಫಾಸ್ಫೇಟ್ ಬ್ಯಾಟರಿ ಅದರ ಅರ್ಧಕ್ಕಿಂತಲೂ ಕಡಿಮೆ ತೂಗುತ್ತದೆ. ವಾಪಸು ಬರುವಾಗ ಒಡಲಿನೊಳಗೆ ಉಳಿದ ನೀರು ಲೀಟರಿಗೆ ಒಂದು ಕೆ.ಜಿ.ಯಂತೆ ಸೇರಿಕೊಳ್ಳುವುದರಿಂದ, ಗಾಡಿಗೆ ಏರಿಸುವ ಮೊದಲು ತೂತಿನ ಬಿರಡೆ ತೆಗೆದು ನೀರು ಬಸಿದುಬಿಡುವುದು ಒಳ್ಳೆಯದು. ಎಲ್ಲ ಸೇರಿಸಿದಾಗ ನನ್ನ ಲೆಕ್ಕ ಸುಮಾರು 70 ಕೆ.ಜಿ. ಮುಟ್ಟಿತು. ಲೇಬಲ್ಲಿನ ಅಂಕಿ ಸಾಮಾನ್ಯವಾಗಿ ಗಾಡಿ ನಿಂತಲ್ಲಿ ತಡೆಯುವ ಭಾರವನ್ನು ಹೇಳುತ್ತದೆ. ಉಬ್ಬಿನ ಮೇಲಿಂದ ಚಕ್ರ ಧಡಕ್ಕನೆ ಇಳಿದಾಗ ಬೀಳುವ ಪೆಟ್ಟು ಅದರಲ್ಲಿ ಸೇರಿರುವುದಿಲ್ಲ. ಆದ್ದರಿಂದ ಒಟ್ಟು ಭಾರದ ಎರಡರಷ್ಟನ್ನು ತಡೆಯಬಲ್ಲ ಗಾಡಿಯೇ ಬೇಕೆಂದು ನಿಶ್ಚಯಿಸಿಕೊಂಡೆ.

ಸಿದ್ಧ ಗಾಡಿಗಳಲ್ಲಿ ಮುಖ್ಯವಾಗಿ ಮೂರು ಬಗೆ. ಒಂದು, ದೋಣಿಯ ಹಿಂಭಾಗಕ್ಕೆ ಮಾತ್ರ ಸಿಕ್ಕಿಸುವ ಪುಟ್ಟ ಗಾಡಿ. ಇದರಲ್ಲಿ ಸುಮಾರು ಅರ್ಧ ಭಾರ ಎಳೆಯುವವರ ಕೈಯಲ್ಲೇ ಇರುತ್ತದೆ, 70 ಕೆ.ಜಿ.ಯಲ್ಲಿ 35 ಕೆ.ಜಿ.ಯನ್ನು ಎತ್ತಿ ಹಿಡಿದು ನಡೆಯುವುದಾದರೆ ಗಾಡಿಯ ಪ್ರಯೋಜನವೇ ಕಡಿಮೆ. ಎರಡನೆಯದು, ದೋಣಿಯ ಮೇಲ್ಮೈಯ ನೀರು ಬಸಿದುಹೋಗಲು ತಳದವರೆಗೂ ಕೊರೆದಿರುವ ರಂಧ್ರಗಳಿಗೆ ಎರಡು ಕಂಬಗಳನ್ನು ತೂರಿಸಿ ನಿಲ್ಲಿಸುವ ಗಾಡಿ. ಪಟ್ಟಿ ಬಿಗಿಯುವ ಕೆಲಸವಿಲ್ಲದೆ ಬೇಗ ಸಿದ್ಧವಾಗುವುದರಿಂದ ಬಹಳ ಮಂದಿಗೆ ಇದು ಇಷ್ಟ. ಆದರೆ ಆ ರಂಧ್ರಗಳ ಗೋಡೆ ದೋಣಿಯ ಮೇಲ್ಪದರವೂ ತಳಪದರವೂ ಕೂಡುವ ಜಾಗ. ಕಂಬದ ಬುಡದಲ್ಲಿರುವ ಅಡ್ಡಪಟ್ಟಿಯ ಮೇಲೆ ದೋಣಿಯ ತಳ ಪೂರ್ತಿ ಕೂರದೆ ಕಂಬದ ತುದಿಯೇ ಭಾರ ಹೊತ್ತರೆ, ಅಥವಾ ಹಳ್ಳಕೊಳ್ಳದಲ್ಲಿ ಕಂಬ ಪಕ್ಕಕ್ಕೆ ಒತ್ತುತ್ತಿದ್ದರೆ, ಅಲ್ಲಿಯೇ ಬಿರುಕು ಬಿಟ್ಟು ನೀರು ಒಡಲಿಗೆ ಇಳಿಯಲು ದಾರಿಯಾಗುತ್ತದೆ. ತಯಾರಕರು ಇದಕ್ಕೆಂದೇ ಬಲಪಡಿಸಿದ ರಂಧ್ರಗಳಿರುವ ದೋಣಿಯಾದರೆ ಸರಿ. ಉಳಿದಂತೆ ಭಾರದ ದೋಣಿಗೆ, ಅದರಲ್ಲೂ ಕಲ್ಲಿನ ನೆಲದಲ್ಲಿ, ಇದನ್ನು ನಾನು ಒಪ್ಪುವುದಿಲ್ಲ.

ಮೂರನೆಯದು ದೋಣಿಯ ತಳಕ್ಕೆ ಎರಡು ಉದ್ದನೆಯ ಆಸರೆಗಳನ್ನು ಕೊಟ್ಟು, ಮೇಲಿನಿಂದ ಪಟ್ಟಿಯಿಂದ ಬಿಗಿಯುವ ಗಾಡಿ. ನಾನು ಆರಿಸಿದ್ದು ಇದನ್ನು. ಇದರ ದೊಡ್ಡ ಅನುಕೂಲವೆಂದರೆ ಗಾಡಿಯನ್ನು ಬೇಕಾದ ಜಾಗಕ್ಕೆ ಸರಿಸಿ ಭಾರವನ್ನು ಹಂಚಬಹುದು. ಸಾಮಾನು ತುಂಬಿದ ದೋಣಿಯನ್ನು ದುಂಡನೆಯ ಪೈಪಿನ ಮೇಲೆ ಅಡ್ಡಲಾಗಿಟ್ಟು, ಎರಡೂ ತುದಿ ಸಮನಾಗುವ ಜಾಗವನ್ನು ಹುಡುಕಿ ಟೇಪಿನಿಂದ ಗುರುತು ಮಾಡಿಕೊಂಡೆ. ಅಲ್ಲಿಂದ 20 ಸೆಂ.ಮೀ. ಹಿಂದಕ್ಕೆ ಚಕ್ರಗಳ ಅಚ್ಚು ಬರುವಂತೆ ಗಾಡಿಯನ್ನಿಟ್ಟು, ಆ ಗುರುತಿಗಿಂತ ಎರಡು ಮೀಟರ್ ಮುಂದೆ ಹಿಡಿಕೆಯನ್ನು ಹಿಡಿದರೆ, 70 ಕೆ.ಜಿ.ಯಲ್ಲಿ ಕೈಗೆ ಬರುವುದು ಆರೂವರೆ ಕೆ.ಜಿ.ಗಿಂತಲೂ ಕಡಿಮೆ. ಅಚ್ಚು ಸರಿಯಾಗಿ ಸಮತೋಲದ ಜಾಗದಲ್ಲೇ ಇದ್ದರೆ ಕೈಗೆ ಭಾರವೇ ಇರದು ನಿಜ, ಆದರೆ ಆಗ ಇಳಿಜಾರಿನಲ್ಲಿ ದೋಣಿಯ ಮೂತಿ ಮೇಲೆ ಕೆಳಗೆ ತೂಗಾಡಿ ಹಿಡಿತ ತಪ್ಪುತ್ತದೆ. ಸ್ವಲ್ಪ ಭಾರ ಕೈಯಲ್ಲಿರುವುದೇ ಹಿತ.

ಇನ್ನು ಚಕ್ರ. ಗಾಡಿಯ ಹಣದಲ್ಲಿ ಹೆಚ್ಚಿನ ಪಾಲನ್ನು ಇದಕ್ಕೇ ಮೀಸಲಿಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಎತ್ತಿನಗಾಡಿಯ ಚಕ್ರ ಅಷ್ಟು ದೊಡ್ಡದಾಗಿ ಬೆಳೆದದ್ದು ಹಳ್ಳದಲ್ಲಿಯೂ ಕೊರಕಲಿನಲ್ಲಿಯೂ ಹಾಯಬೇಕಾದ ಕಾರಣಕ್ಕೆ. ಕಯಾಕ್ ಗಾಡಿಗೂ ಅದೇ ನಿಯಮ ಅನ್ವಯಿಸುತ್ತದೆ. 5 ಸೆಂ.ಮೀ. ಎತ್ತರದ ಕಲ್ಲಿನಂಚಿಗೆ ತಾಗಿ ನಿಂತ ಗಾಡಿಯನ್ನು ನೇರವಾಗಿ ಮುಂದಕ್ಕೆ ಎಳೆದು ಹತ್ತಿಸುವುದಾದರೆ, ಚಕ್ರದ ವ್ಯಾಸ 25 ಸೆಂ.ಮೀ. ಇದ್ದಾಗ ಅಚ್ಚಿನ ಮೇಲಿನ ಭಾರದ 1.33 ಪಟ್ಟು ಬಲ ಬೇಕು. ವ್ಯಾಸ 40 ಸೆಂ.ಮೀ. ಇದ್ದರೆ 0.88 ಪಟ್ಟು ಸಾಕು. 70 ಕೆ.ಜಿ. ಭಾರಕ್ಕೆ ಇದನ್ನು ಹೊಂದಿಸಿದರೆ ಸುಮಾರು 93 ಕೆ.ಜಿ.ಯ ಎಳೆತ ಒಂದೆಡೆ, 62 ಕೆ.ಜಿ.ಯದು ಇನ್ನೊಂದೆಡೆ. ಒಂದೊಂದೇ ಚಕ್ರವನ್ನು ಓರೆಯಾಗಿ ಹತ್ತಿಸಿಯೋ ನೂಕು ಕೊಟ್ಟೋ ನಾವು ಈ ಬಲವನ್ನು ತಗ್ಗಿಸಿಕೊಳ್ಳುತ್ತೇವಾದರೂ, ದೊಡ್ಡ ಚಕ್ರಕ್ಕೂ ಚಿಕ್ಕ ಚಕ್ರಕ್ಕೂ ಇರುವ ಅಂತರ ಹಾಗೆಯೇ ಉಳಿಯುತ್ತದೆ.

ವ್ಯಾಸದಷ್ಟೇ ಮುಖ್ಯವಾದದ್ದು ಚಕ್ರದ ಬಗೆ. ಗಟ್ಟಿ ಪ್ಲಾಸ್ಟಿಕ್ಕಿನ ಕಿರಿದಾದ ಚಕ್ರ ಸಿಮೆಂಟಿನ ಮೇಲೆ ಚೆನ್ನಾಗಿ ಓಡಿ ಹೂಳಿನಲ್ಲಿ ಹೂತುಹೋಗುತ್ತದೆ, ಪ್ರತಿ ಕಲ್ಲಿನ ಪೆಟ್ಟನ್ನೂ ದೋಣಿಗೆ ದಾಟಿಸುತ್ತದೆ. ಗಾಳಿಯಿಲ್ಲದ ಪಾಲಿಯುರೆಥೇನ್ ಚಕ್ರಕ್ಕೆ ಜಾಲಿಮುಳ್ಳಿನ ಭಯವಿಲ್ಲ. ಆದರೆ ದೋಣಿಯನ್ನು ಅದರ ಮೇಲೆಯೇ ತಿಂಗಳುಗಟ್ಟಲೆ ಬಿಟ್ಟರೆ ಒಂದು ಕಡೆ ಚಪ್ಪಟೆಯಾಗಬಹುದು, ಗಾಳಿ ತಗ್ಗಿಸಿ ಅಗಲ ಮಾಡಿಕೊಳ್ಳುವ ಅವಕಾಶವೂ ಇಲ್ಲ. ಮರಳಿಗೆಂದೇ ಬಲೂನಿನ ಬಗೆಯ ದಪ್ಪ ಚಕ್ರಗಳಿವೆ. ಅವುಗಳಿಗೆ ತುಂಬುವ ಗಾಳಿಯ ಒತ್ತಡ ಕೆಲವೇ ಪಿಎಸ್‌ಐ. ಮರಳಿನ ಮೇಲೆ ಅವುಗಳಿಗೆ ಸಾಟಿಯಿಲ್ಲ, ಆದರೆ ಬೆಲೆ ಹೆಚ್ಚು, ಮುಳ್ಳಿಗೂ ಮೊನಚು ಕಲ್ಲಿಗೂ ಹೆದರಬೇಕು. ಎಲ್ಲವನ್ನೂ ತೂಗಿ ನೋಡಿ ನಾನು ಆರಿಸಿದ್ದು ಟ್ಯೂಬ್ ಇರುವ, 40 ಸೆಂ.ಮೀ. ವ್ಯಾಸದ ಹತ್ತಿರದ 4.00-8 ಅಳತೆಯ (4 ಇಂಚು ಅಗಲ, 8 ಇಂಚಿನ ರಿಮ್ಮು) ಟಯರು. ಮಣ್ಣು ಹೊರುವ ಒಂಟಿಚಕ್ರದ ಕೈಗಾಡಿಗಳಲ್ಲಿ ಇರುವುದೂ ಇದೇ ಅಳತೆ, ನಮ್ಮ ಆಟೊರಿಕ್ಷಾಗಳಲ್ಲಿ ಇರುವುದೂ ಇದೇ. ಅಂದರೆ ಮಾಗಡಿ ರಸ್ತೆಯಲ್ಲಿಯೋ ಮೈಸೂರು ರಸ್ತೆಯಲ್ಲಿಯೋ ಮುಳ್ಳು ಚುಚ್ಚಿದರೂ ಹತ್ತಿರದ ಪಂಕ್ಚರ್ ಅಂಗಡಿಯಲ್ಲಿ ಟ್ಯೂಬ್ ಸಿಗುತ್ತದೆ. ವಿದೇಶದಿಂದ ತರಿಸಿದ ಒಳ್ಳೆಯ ಚಕ್ರಕ್ಕಿಂತ ಊರಿನಲ್ಲಿ ಬಿಡಿಭಾಗ ಸಿಗುವ ಸಾಧಾರಣ ಚಕ್ರವೇ ನನಗೆ ಮೇಲೆನಿಸಿತು. ಹೂಳಿನ ಜಾಗ ಬಂದಾಗ ಗಾಳಿಯನ್ನು ಸ್ವಲ್ಪ ಇಳಿಸಿಕೊಳ್ಳುತ್ತೇನೆ. ಟಯರು ಅಗಲವಾಗಿ ಹರಡಿಕೊಂಡು ಹೂತುಹೋಗುವುದು ಕಡಿಮೆಯಾಗುತ್ತದೆ. ಇದಕ್ಕಾಗಿ ಸೈಕಲ್ ಪಂಪು ಸದಾ ಕಾರಿನಲ್ಲಿ ಇರುತ್ತದೆ.

ಈ ಅಳತೆಯ ಚಕ್ರ ಇರುವ ಸಿದ್ಧ ಕಯಾಕ್ ಗಾಡಿ ನನಗೆ ಒಪ್ಪುವ ಬೆಲೆಗೆ ಸಿಗದ ಕಾರಣ, ಎಸ್.ಜೆ.ಪಿ. ರಸ್ತೆಯಲ್ಲಿ ಚಕ್ರವನ್ನೂ ಬೇರಿಂಗನ್ನೂ ಕೊಂಡು ಕಾಮಾಕ್ಷಿಪಾಳ್ಯದ ಒಂದು ವೆಲ್ಡಿಂಗ್ ಶೆಡ್ಡಿನಲ್ಲಿ ಗಾಡಿ ಮಾಡಿಸಿದೆ. ಚಕ್ರಕ್ಕೊಂದರಂತೆ ಎರಡು ಗಿಡ್ಡ ಸರಳನ್ನು ಚೌಕಟ್ಟಿಗೆ ಬೆಸೆದರೆ ಹಗುರವಾದೀತಲ್ಲವೇ ಎಂದು ನಾನು ಕೇಳಿದಾಗ ಅಲ್ಲಿನ ಹಿರಿಯ ಕೆಲಸಗಾರರು, "ಬೇಡಿ ಸಾರ್, ಅಚ್ಚು ಆ ಕಡೆಯಿಂದ ಈ ಕಡೆಗೆ ಒಂದೇ ಸರಳಿರಲಿ. ತುಂಡು ಬೆಸೆದರೆ ನಾಲ್ಕು ದಿನಕ್ಕೆ ಚಕ್ರ ಒಳಗೆ ವಾಲ್ತದೆ," ಎಂದರು. ಅವರ ಮಾತಿನಂತೆ 20 ಮಿ.ಮೀ. ದಪ್ಪದ ಸ್ಟೇನ್‌ಲೆಸ್ ಸ್ಟೀಲ್ ಸರಳನ್ನೇ ಹಾಕಿಸಿದೆ. 16 ಮಿ.ಮೀ. ಸರಳಿಗೆ ಹೋಲಿಸಿದರೆ ಇದರ ತೂಕ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚಾದರೂ ಬಾಗದೆ ನಿಲ್ಲುವ ಗುಣ ಸುಮಾರು ಎರಡೂವರೆ ಪಟ್ಟು ಹೆಚ್ಚುತ್ತದೆ, ಏಕೆಂದರೆ ಆ ಗುಣ ವ್ಯಾಸದ ನಾಲ್ಕನೆಯ ಘಾತದಂತೆ ಏರುತ್ತದೆ. ಆಸರೆಯ ಕಾಲುಗಳನ್ನು ಆದಷ್ಟೂ ಚಕ್ರದ ಹತ್ತಿರಕ್ಕೆ ತರಿಸಿದೆ. ಕಾಲಿಗೂ ಚಕ್ರಕ್ಕೂ ನಡುವಿನ ಅಂತರ ಹೆಚ್ಚಿದಷ್ಟೂ ಅಚ್ಚನ್ನು ಬಗ್ಗಿಸುವ ಒತ್ತಡ ಹೆಚ್ಚುತ್ತದೆ. ಚಕ್ರ ಕಳಚದಂತೆ ಎರಡೂ ತುದಿಗೆ ಕಡಾಣಿಯ ಬದಲು ಉಂಗುರವಿರುವ ಸ್ಪ್ರಿಂಗ್ ಪಿನ್ನು ಹಾಕಿದ್ದರಿಂದ ಯಾವ ಉಪಕರಣವೂ ಇಲ್ಲದೆ ಚಕ್ರ ಬಿಚ್ಚಿ ಗಾಡಿಯನ್ನು ಡಿಕ್ಕಿಯಲ್ಲಿ ಇಡಬಹುದು. ಪಿನ್ನು ಕೆಸರಿನಲ್ಲಿ ಬಿದ್ದರೆ ಸಿಗುವುದಿಲ್ಲ. ಪ್ರತಿಯೊಂದನ್ನೂ ದಾರದಿಂದ ಚೌಕಟ್ಟಿಗೆ ಕಟ್ಟಿರಬೇಕು, ಎರಡು ಹೆಚ್ಚಿನವು ಚೀಲದಲ್ಲಿರಬೇಕು.

ಎರಡು ಚಕ್ರಗಳ ನಡುವಿನ ಅಗಲವೂ ಯೋಚಿಸಬೇಕಾದ ಸಂಗತಿ. ಕೆರೆ ಏರಿಯ ಓರೆಯಲ್ಲಿ ಅಡ್ಡಲಾಗಿ ಹೋಗುವಾಗ ಕಿರಿದಾದ ಗಾಡಿ ಮಗುಚಿಬೀಳುತ್ತದೆ, ಅದರಲ್ಲೂ ಆಸರೆ ಎತ್ತರದಲ್ಲಿದ್ದರೆ. ನಮ್ಮ ಗೇಟಿನ ಚಿಕ್ಕ ಬಾಗಿಲಿನಲ್ಲಿ ಹಾಯುವಷ್ಟು ಇರಲಿ, ಅದಕ್ಕಿಂತ ಕಡಿಮೆ ಬೇಡ ಎಂದು ಅಳತೆ ಕೊಟ್ಟೆ. ಒಬ್ಬರೇ ದೋಣಿ ಏರಿಸುವವರಿಗೆ ಗಾಡಿಯನ್ನು ನೆಟ್ಟಗೆ ನಿಲ್ಲಿಸುವ ಮಡಚುವ ಕಾಲು ಅಗತ್ಯ. ಅದಿಲ್ಲದೆ 50 ಕೆ.ಜಿ.ಯ ದೋಣಿಯ ಒಂದು ತುದಿ ಎತ್ತಿಹಿಡಿದು ಕಾಲಿನಿಂದ ಗಾಡಿಯನ್ನು ಒಳಗೆ ತಳ್ಳುವುದು ಬೆನ್ನಿಗೆ ಅಪಾಯ.

ಆಸರೆಗಳ ಮೇಲೆ ಇವಿಎ ಎಂಬ ರಬ್ಬರಿನಂಥ ದಪ್ಪನೆಯ ಫೋಮು ಸುತ್ತಿ, ಅದರ ಮೇಲೆ ಹಳೆಯ ಸೈಕಲ್ ಟ್ಯೂಬನ್ನು ಬಿಗಿಯಾಗಿ ಎಳೆದಿದ್ದೇನೆ. ಫೋಮು ಭಾರವನ್ನು ಹರಡುತ್ತದೆ, ರಬ್ಬರು ಒದ್ದೆ ದೋಣಿ ಜಾರದಂತೆ ಹಿಡಿಯುತ್ತದೆ. ಬಿಸಿಲಿನಲ್ಲಿ ಪಾಲಿಎಥಿಲೀನ್ ಮೆತ್ತಗಾಗುವುದರಿಂದ, ಕಿರಿದಾದ ಆಸರೆಯ ಮೇಲೆ ಹೊತ್ತು ಕಳೆದರೆ ದೋಣಿಯ ತಳಕ್ಕೆ ತಗ್ಗು ಬೀಳುತ್ತದೆ. ಅದೇ ಕಾರಣಕ್ಕೆ ಲಾರಿಯವರು ಬಳಸುವ ರ‍್ಯಾಚೆಟ್ ಪಟ್ಟಿ ಬೇಡ. ಅದನ್ನು ಎಷ್ಟು ಬಿಗಿದೆವೆಂಬ ಅಂದಾಜು ಕೈಗೆ ಸಿಗುವುದಿಲ್ಲ. ಹಲ್ಲಿನ ಬಕಲ್ ಇರುವ, ಕೈಯಿಂದಲೇ ಎಳೆದು ಬಿಗಿಯುವ ಎರಡು ಪಟ್ಟಿ ಸಾಕು. ಜೊತೆಗೆ ಗಾಡಿಯಿಂದ ದೋಣಿಯ ಮುಂದಿನ ಹಿಡಿಕೆಗೆ ಒಂದು ಹಗ್ಗ ಕಟ್ಟಿದರೆ, ಚಕ್ರ ಕಲ್ಲಿಗೆ ತಡೆದಾಗ ಗಾಡಿ ಹಿಂದಕ್ಕೆ ಸರಿದು ದೋಣಿಯ ಅಡಿಯಿಂದ ಜಾರಿಹೋಗುವುದಿಲ್ಲ.

ಕರಾವಳಿಗೆ ಹೋಗುವಾಗ ಇದೇ ಚೌಕಟ್ಟು, ಇದೇ ಅಚ್ಚು. ಚಕ್ರ ಮಾತ್ರ ಬದಲು. 20 ಮಿ.ಮೀ. ಅಚ್ಚಿಗೆ ಕೂರುವಂತೆ ಬುಶ್ (ಚಕ್ರದ ತೂತಿನೊಳಗೆ ಕೂರುವ ಕೊಳವೆ) ಹಾಕಿಸಿದ ಬಲೂನ್ ಚಕ್ರದ ಜೋಡಿಯೊಂದನ್ನು ಬೇರೆಯಾಗಿ ಇಟ್ಟುಕೊಂಡಿದ್ದೇನೆ. ಉಕ್ಕಿನ ಬೇರಿಂಗು ಉಪ್ಪುನೀರಿನಲ್ಲಿ ಬೇಗ ಹಾಳಾಗುವುದರಿಂದ ಅಲ್ಲಿಗೆ ನೈಲಾನ್ ಬುಶ್ಶೇ ಲೇಸು. ಚೌಕಟ್ಟು ಅಲ್ಯೂಮಿನಿಯಮ್ಮಿನದಾಗಿ ಅಚ್ಚು ಸ್ಟೇನ್‌ಲೆಸ್ ಆಗಿದ್ದರೆ, ಉಪ್ಪುನೀರು ಸೋಕಿದಾಗ ಎರಡು ಲೋಹಗಳು ತಾಗುವ ಜಾಗದಲ್ಲಿ ಅಲ್ಯೂಮಿನಿಯಮ್ಮು ಕರಗುತ್ತ ಬರುತ್ತದೆ. ಅಂಥ ಗಾಡಿ ಇರುವವರು ನಡುವೆ ಪ್ಲಾಸ್ಟಿಕ್ ವಾಷರನ್ನೋ ಕೊಳವೆಯನ್ನೋ ಹಾಕಿಸಿಕೊಳ್ಳಬೇಕು. ಮನೆಗೆ ಮರಳಿದ ದಿನವೇ ಸಿಹಿನೀರಿನಿಂದ ತೊಳೆದು, ಚಕ್ರ ಬಿಚ್ಚಿ ಒಣಗಿಸಿ, ಅಚ್ಚಿಗೆ ಗ್ರೀಸ್ ಸವರಿ ಇಡುತ್ತೇನೆ.