ಫಿಟ್ಟರ್ ಶಾಪಿನಲ್ಲಿ ಕ್ಯೂಆರ್: ಟ್ರೇನಿಗಳ ಮೊಬೈಲ್ ಜಾಬಿಗೆ ಬಂದ ಬಗೆ

ಐಟಿಐ ಹುಡುಗರ ಕೈಗೆ ಮೊಬೈಲ್ ಕೊಟ್ಟರೆ ರೀಲ್ಸ್ ಬಿಟ್ಟು ಬೇರೇನೂ ನೋಡುವುದಿಲ್ಲ ಅಂತ ಸ್ಟಾಫ್ ರೂಮಿನಲ್ಲಿ ನಕ್ಕವರೇ ಈಗ ನನ್ನ ವಿಡಿಯೊಗಳಿಗೆ ಪೆನ್‌ಡ್ರೈವ್ ತರುತ್ತಾರೆ. ಶಾಪಿನ ಗೋಡೆಯ ಕ್ಯೂಆರ್ ಸ್ಕ್ಯಾನ್ ಮಾಡಿದರೆ ಜಾಬಿನ (ಟ್ರೇನಿ ಕೈಯಾರೆ ಮಾಡುವ ಅಭ್ಯಾಸದ ಕೆಲಸ) ವಿಡಿಯೊ ಫೋನಿನಲ್ಲಿ ತೆರೆಯುತ್ತದೆ, ಅದರ ಕತೆ ಇದು.

ಟ್ರೇನಿಗಳಿಗೆ ಡಿಜಿಟಲ್ ಬಗ್ಗೆ ಇರುವುದು ಅಸಡ್ಡೆ ಅಲ್ಲ, ಲೆಕ್ಕಾಚಾರ. ದಿನದ ಒಂದೂವರೆ ಜಿಬಿ ಡೇಟಾ ಸಂಜೆಗೆ ಬೇಕು, ಕ್ಲಾಸಿಗೆ ಖರ್ಚು ಮಾಡಲು ಮನಸ್ಸಿಲ್ಲ. ಗಾಜು ಒಡೆದ ಫೋನಿನವನು ಅದನ್ನು ಜೇಬಿನಿಂದ ತೆಗೆಯುವುದೇ ಇಲ್ಲ. ಮೇಲಾಗಿ ಥಿಯರಿಗೆ ಶೇ 33 ಸಾಕು, ಪ್ರಾಕ್ಟಿಕಲ್‌ಗೆ ಶೇ 60 ಬೇಕು. ಕೈಗೆ ತಾಗದ ವಿಡಿಯೊ ಯಾರಿಗೆ ಬೇಕು? ಪ್ರೊಜೆಕ್ಟರಿನಲ್ಲಿ ಮುಕ್ಕಾಲು ಗಂಟೆಯ ಪಾಠ ಹಾಕಿದರೆ ಅರ್ಧ ಯೂನಿಟ್ (ಬ್ಯಾಚ್) ತೂಕಡಿಸುತ್ತದೆ.

ಹಾಗಾಗಿ ಒಂದು ಜಾಬಿನ ಒಂದೇ ಹೆಜ್ಜೆಗೆ ಒಂದು ವಿಡಿಯೊ, ಒಂದೂವರೆ ನಿಮಿಷಕ್ಕೆ ಮೇಲಿಲ್ಲ. ಮುಖ ಬೇಡ, ಕೈ ಮಾತ್ರ. ಕ್ಯಾಮೆರಾ ಬಲಭುಜದ ಹಿಂದಿನಿಂದ. ಎದುರಿನಿಂದ ತೆಗೆದರೆ ಎಡ-ಬಲ ತಿರುಗಿ ಹ್ಯಾಕ್ಸಾ ಹಿಡಿತವನ್ನೇ ಉಲ್ಟಾ ಕಲಿಯುತ್ತಾರೆ. ವರ್ನಿಯರ್ ಓದುವುದನ್ನು ಸ್ಕೇಲಿಗೆ ನೇರ ನಿಂತೇ ತೆಗೆಯಬೇಕು, ಓರೆಯಾದರೆ 0.02 ಮಿಮೀ ಗೆರೆ ಒಂದೆರಡು ಆಚೆಗೆ ಕಾಣುತ್ತದೆ. ಟ್ಯೂಬ್‌ಲೈಟಿನ ಪಟ್ಟಿ ಓಡಿದರೆ ಕ್ಯಾಮೆರಾದ ಶಟರ್ 1/50 ಅಥವಾ 1/100 ಸೆಕೆಂಡಿಗೆ ಇಡಿ. ಶಾಪಿನ ಗದ್ದಲದಲ್ಲಿ ದನಿ ಕೇಳಿಸದು. ಆಫೀಸ್ ರೂಮಿನಲ್ಲಿ ನಮ್ಮೂರ ಕನ್ನಡದಲ್ಲೇ ಬೇರೆ ರೆಕಾರ್ಡ್ ಮಾಡಿ ಕೂಡಿಸುತ್ತೇನೆ.

ವಿಡಿಯೊ ಕುಗ್ಗಿಸುವ ಹ್ಯಾಂಡ್‌ಬ್ರೇಕ್ ಸಾಫ್ಟ್‌ವೇರಿನಲ್ಲಿ 720ಪಿ, ಸುಮಾರು 800 ಕೆಬಿಪಿಎಸ್, ಒಂದಕ್ಕೆ 8-9 ಎಂಬಿ. ವಿಡಿಯೊ ಫಾರ್ಮ್ಯಾಟ್ ಎಚ್.264 ಇರಲಿ, ಎಚ್.265 ಹಳೆ ಫೋನುಗಳಲ್ಲಿ ತೊದಲುತ್ತದೆ. ‘ವೆಬ್ ಆಪ್ಟಿಮೈಜ್ಡ್’ಗೆ ಟಿಕ್ ಹಾಕದಿದ್ದರೆ ಪೂರ್ತಿ ಇಳಿಯುವ ತನಕ ಪರದೆ ಕಪ್ಪಗೇ ಇರುತ್ತದೆ, ಅಷ್ಟರಲ್ಲಿ ಹುಡುಗ ಇನ್‌ಸ್ಟಾದಲ್ಲಿ.

ಗೂಗಲ್ ಡ್ರೈವ್ ಲಿಂಕು ಕೈಕೊಟ್ಟಿತು: ತಗಡಿನ ಶೆಡ್ಡಿನೊಳಗೆ ಸಿಗ್ನಲ್ ಇಲ್ಲ, ಡೇಟಾ ಅವರದೇ. ಯುಎಸ್‌ಬಿ ಪೋರ್ಟ್ ಇರುವ ರೌಟರಿಗೆ ₹2,000 ಹತ್ತಿರ ಹಾಕಿದ್ದೂ ವ್ಯರ್ಥ, ಅದರ ಎಫ್‌ಟಿಪಿ (ಫೈಲ್ ಕಳಿಸುವ ಹಳೆ ವಿಧಾನ) ಈಗಿನ ಕ್ರೋಮ್‌ನಲ್ಲಿ ತೆರೆಯುವುದೇ ಇಲ್ಲ. ಕೊನೆಗೆ ನಿಂತದ್ದು ಮೂಲೆ ಸೇರಿದ್ದ ಲ್ಯಾಪ್‌ಟಾಪ್, ಅದರಲ್ಲಿ ವಿಡಿಯೊ ಕಳಿಸುವ ಸಾದಾ ವೆಬ್ ಸರ್ವರ್, ಇಂಟರ್ನೆಟ್ ಇಲ್ಲದ ₹1,200ರ ರೌಟರ್, ಕರೆಂಟ್ ಹೋದರೆ ಸಣ್ಣ ಯುಪಿಎಸ್. ಲ್ಯಾಪ್‌ಟಾಪಿನ ಐಪಿಯನ್ನು (ನೆಟ್‌ವರ್ಕಿನ ವಿಳಾಸ) ರೌಟರಿನಲ್ಲೇ ಕಟ್ಟಿಹಾಕಿ, ಕ್ಯೂಆರ್‌ನೊಳಗೆ ಇರುವುದು ಅದೇ. ಇಲ್ಲವಾದರೆ ಐಪಿ ಬದಲಾದ ದಿನ ಗೋಡೆಯ ಕ್ಯೂಆರ್ ಎಲ್ಲ ರದ್ದಿ. ಆಂಡ್ರಾಯ್ಡ್ ‘ಇಂಟರ್ನೆಟ್ ಇಲ್ಲ’ ಎಂದು ತಾನೇ ಮೊಬೈಲ್ ಡೇಟಾಕ್ಕೆ ಹಾರುತ್ತದೆ, ಕನೆಕ್ಟ್ ಆಗಿಯೇ ಇರಲಿ ಅಂತ ಮೊದಲ ಸಲ ಒತ್ತಿಸಬೇಕು.

ಕ್ಯೂಆರ್ 6 ಸೆಂಮೀ, ಎರರ್ ಕರೆಕ್ಷನ್ ‘ಎಚ್’, ಗ್ರೀಸ್ ಮೆತ್ತಿದರೂ ಓದುತ್ತದೆ. ಪುಕ್ಕಟೆ ‘ಡೈನಾಮಿಕ್’ ಕೋಡ್ (ಬೇರೆಯವರ ಸೈಟಿನ ಮೂಲಕ ಹಾಯುವುದು) ಬೇಡ, ಅವಧಿ ಮುಗಿದರೆ ಸತ್ತಂತೆ. ಲ್ಯಾಮಿನೇಶನ್ ಅಂಚು 5 ಮಿಮೀ ಬಿಡಿ, ಕಾಗದಕ್ಕೆ ತಾಗಿಸಿ ಕತ್ತರಿಸಿದರೆ ಕೂಲೆಂಟ್ ಒಳಗಿಳಿದು ಬಾತುಕೊಳ್ಳುತ್ತದೆ. ಕೋಡ್ ಇರಬೇಕಾದ್ದು ವೈಸ್ ಬೆಂಚಿನ ಎದುರು ಗೋಡೆಯಲ್ಲಿ. ಲೇತ್, ಡ್ರಿಲ್ಲಿಂಗ್ ಮೆಷಿನ್ನಿನಿಂದ ಎರಡು ಮಾರು ದೂರ. ಮೆಷಿನ್ ತಿರುಗುವಾಗ ಫೋನ್ ಕೈಯಲ್ಲಿದ್ದರೆ ಅವತ್ತಿನ ಜಾಬ್ ಬಂದ್.

ಇಬ್ಬರಿಗೆ ಒಂದೇ ಫೋನ್ ಅಂದೆ. ಒಡೆದ ಗಾಜಿನ ನಾಚಿಕೆ ಅಲ್ಲಿಗೇ ಹೋಯಿತು. 20 ಮಂದಿಯ ಯೂನಿಟ್ಟಿನಲ್ಲಿ ಹದಿನೈದು ಹದಿನಾರು ಮಂದಿ ಈಗ ಕೇಳದೆಯೇ ಸ್ಕ್ಯಾನ್ ಮಾಡುತ್ತಾರೆ. ಒಂದರೊಳಗೊಂದು ಕೂರಿಸುವ ಮೇಲ್-ಫೀಮೇಲ್ ಫಿಟ್ಟಿಂಗ್ ಜಾಬಿನಲ್ಲಿ ಹಾಳಾಗುವ ಎಂಎಸ್ ಫ್ಲಾಟ್ (ಮೆದು ಉಕ್ಕಿನ ಪಟ್ಟಿ) ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದೆ, ರೌಟರಿನ ದುಡ್ಡು ಅಲ್ಲೇ ಹುಟ್ಟಿತು.

ನಡುವೆ ಮೈಕ್ರೋಮೀಟರ್ ಸಿಮ್ಯುಲೇಟರ್ ಆ್ಯಪನ್ನೂ ನೋಡಿದೆ. ಓದಲು ಬಂತು, ಆದರೆ ರ‍್ಯಾಚೆಟ್ (ಒತ್ತಡ ಮಿತಿಯಲ್ಲಿಡುವ ತುದಿಯ ತಿರುಪು) ಬಿಟ್ಟು ಥಿಂಬಲ್ (ತಿರುಗುವ ಕೊಳವೆ) ಬಿಗಿಯುವ ಚಟ ಹೋಗಲಿಲ್ಲ. ಒತ್ತಡ ಪರದೆಯಲ್ಲಿ ಬರುವಂಥದ್ದಲ್ಲ. ಹುಡುಗರೇ ತೆಗೆದ ವಿಡಿಯೊಗಳನ್ನು ನನ್ನವಕ್ಕಿಂತ ಹೆಚ್ಚು ನೋಡುತ್ತಾರೆ, ಅವುಗಳಲ್ಲಿ ತಪ್ಪೂ ಜಾಸ್ತಿ. ಆ ತಪ್ಪನ್ನೇ ಪಾಠ ಮಾಡಿಕೊಳ್ಳುವ ಒಂದು ಉಪಾಯವಿದೆ, ಇಲ್ಲಿ ಬರೆಯುವುದಿಲ್ಲ, ಶಾಪಿಗೆ ಬಂದವರಿಗೆ ತೋರಿಸುತ್ತೇನೆ.

ಇನ್ನೂ ಬಗ್ಗದಿರುವುದು ಸಿಬಿಟಿ, ಅಂದರೆ ಕಂಪ್ಯೂಟರಿನಲ್ಲಿ ಬರೆಯುವ ಪರೀಕ್ಷೆ. ಫೋನಿನಲ್ಲಿ ನಿಮಿ (ಐಟಿಐ ಪಠ್ಯ ತಯಾರಿಸುವ ಸಂಸ್ಥೆ) ಪ್ರಶ್ನೆಗಳನ್ನು ಸಲೀಸಾಗಿ ಒತ್ತುವವನು ಪರೀಕ್ಷೆಯಲ್ಲಿ ಮೌಸ್ ಹಿಡಿದರೆ ತಡಬಡಾಯಿಸುತ್ತಾನೆ. ಅದಕ್ಕೆಂದು ₹250ರ ಮೌಸ್ ನಾಲ್ಕು ತಂದು ಅದೇ ಲ್ಯಾಪ್‌ಟಾಪಿಗೆ ಸರದಿಯಲ್ಲಿ ಕೂರಿಸುತ್ತಿದ್ದೇನೆ. ಎರಡರ ಸ್ಕ್ರಾಲ್ ಚಕ್ರದೊಳಗೆ ಈಗಾಗಲೇ ಕಬ್ಬಿಣದ ಪುಡಿ.