ಮೊದಲು ಚಿತ್ರ, ಆಮೇಲೆ ದನಿ: ಇಂಗ್ಲಿಷ್ ತರಗತಿಯಲ್ಲಿ ಮಕ್ಕಳ ಕಿರುಚಿತ್ರ

ವಿಜಯಪುರ ಜಿಲ್ಲೆಯ ಕನ್ನಡ ಮಾಧ್ಯಮದ 9ನೇ ತರಗತಿಯಲ್ಲಿ ಐದೈದು ಮಕ್ಕಳ ಗುಂಪು ಮಾಡಿ, ಎರಡು ನಿಮಿಷದ ಇಂಗ್ಲಿಷ್ ಚಿತ್ರ ಮಾಡಿಸುತ್ತೇನೆ. ಕಟ್ಟುನಿಟ್ಟು ಒಂದೇ: ಚಿತ್ರೀಕರಣದಾಗ ಯಾರೂ ಇಂಗ್ಲಿಷ್ ಮಾತಾಡುವಂತಿಲ್ಲ. ಕ್ಯಾಮೆರಾ ಎದುರು ನಿಂತವನು ಗಿಳಿಪಾಠ ಒಪ್ಪಿಸುತ್ತಾನೆ, ಹತ್ತು ಟೇಕ್ ತೆಗೆದರೂ ವಾಕ್ಯ ಸುಧಾರಿಸುವುದಿಲ್ಲ. ಅದೇ ಹುಡುಗ ಚಿತ್ರ ನೋಡುತ್ತ ದನಿ ಕೊಡುವಾಗ ತನ್ನ ತಪ್ಪು ತಾನೇ ಕೇಳಿಸಿಕೊಂಡು ಮತ್ತೆ ಹೇಳುತ್ತಾನೆ.

ಕಥೆ ಬೇಡ ಎನ್ನುತ್ತೇನೆ. ಕಥೆ ಅಂದರೆ ಹೊಡೆದಾಟ, ಅಳು, ಕೊನೆಗೊಂದು ನೀತಿ. ಬದಲಿಗೆ ಮನೆಯ ಒಂದು ಕೆಲಸ: ಕೌದಿ ಹೊಲಿಯುವುದು, ಪಂಕ್ಚರ್ ತೆಗೆಯುವುದು, ಜೋಳದ ರೊಟ್ಟಿ ಬಡಿಯುವುದು.

ರೊಟ್ಟಿಯನ್ನೇ ತೆಗೆದುಕೊಳ್ಳಿ. ನೋಟ್‌ಬುಕ್ಕಿನ ಎರಡು ಪುಟದಲ್ಲಿ 12 ಚೌಕ ಎಳೆದು, ಚೌಕಕ್ಕೊಂದು ಶಾಟ್ ಗೀಚಿಸಬೇಕು: ನೀರು ಕುದಿಯುವುದು, ಹಿಟ್ಟಿಗೆ ಸುರಿಯುವುದು, ನಾದುವುದು, ಬಡಿಯುವುದು, ಹಂಚಿಗೆ ಹಾಕುವುದು, ಒದ್ದೆ ಅರಿವೆಯಿಂದ ನೀರು ಸವರುವುದು, ಹೊರಳಿಸುವುದು, ಉಬ್ಬುವುದು, ಹೀಗೆ. ಪ್ರತಿ ಚೌಕದ ಕೆಳಗೆ 12ರಿಂದ 15 ಪದದ ವಾಕ್ಯ. ಒಂದು ಶಾಟ್‌ಗೆ ಸಿಗುವುದು ಹತ್ತು ಸೆಕೆಂಡು, ಅಷ್ಟರಲ್ಲಿ ನಮ್ಮ ಮಕ್ಕಳು ತಡವರಿಸದೆ ಅಷ್ಟೇ ಹೇಳಬಲ್ಲರು. 20 ಪದ ಬರೆದರೆ ಕೊನೆಯ ಪದ ಮುಂದಿನ ಶಾಟ್‌ಗೆ ಜಾರುತ್ತದೆ.

ಮೊದಲ ಬರಹದಲ್ಲಿ ‘ಶಿ ಬೀಟ್ಸ್ ದ ರೊಟ್ಟಿ’ ಬಂದೇ ಬರುತ್ತದೆ. ನಾವು ‘ಬಡಿ’ ಅನ್ನುತ್ತೇವಲ್ಲ! ತಿದ್ದುವ ಬದಲು, ಇಂಗ್ಲಿಷಿನ ‘ಬೀಟ್’ ಯಾವುದಕ್ಕೆ ಹೇಳುತ್ತಾರೆಂದು ಅಭಿನಯಿಸಲು ಹೇಳಿ. ತಾವೇ ನಕ್ಕು ‘ಪ್ಯಾಟ್ಸ್’ ಹುಡುಕುತ್ತಾರೆ. ‘ಫ್ಲೌರ್’ ಇದ್ದಲ್ಲಿ ‘ಫ್ಲೋರ್’ ಅಂದರೆ ಅಜ್ಜಿ ನೆಲ ನಾದಿದಂತಾಗುತ್ತದೆ. ಕಾಗದದ ಮೇಲೆ ಗೊತ್ತಾಗದ ಈ ತಪ್ಪು ಚಿತ್ರದ ಜೊತೆ ಕೇಳಿದಾಗ ಎಲ್ಲರಿಗೂ ಗೊತ್ತಾಗುತ್ತದೆ. ವರ್ತಮಾನ ಕಾಲದ ‘ಎಸ್’ ಕೂಡ ಇಲ್ಲೇ ಕೂರುತ್ತದೆ, ಹನ್ನೆರಡು ವಾಕ್ಯದಲ್ಲಿ ಹನ್ನೆರಡು ಸಲ.

ಚಿತ್ರೀಕರಣ ರವಿವಾರ, ಪಾಲಕರ ಫೋನಿನಲ್ಲಿ. ಫೋನ್ ಅಡ್ಡ ಹಿಡಿಯಬೇಕು. ಪ್ರತಿ ಶಾಟ್‌ನ ಮುಂದೆ-ಹಿಂದೆ ಮನಸ್ಸಿನಲ್ಲೇ ಐದು ಎಣಿಸಬೇಕು, ಇಲ್ಲದಿದ್ದರೆ ಕತ್ತರಿಸಲು ಜಾಗವಿರುವುದಿಲ್ಲ. ಫುಲ್ ಎಚ್‌ಡಿ ನಿಮಿಷಕ್ಕೆ ಸುಮಾರು 130 ಎಂಬಿ ತಿನ್ನುತ್ತದೆ. ಫೋನ್ ತುಂಬಿ ಅರ್ಧಕ್ಕೇ ನಿಲ್ಲುವುದು ಇದರಿಂದಲೇ. ಅದಕ್ಕಿಂತ ಕಡಿಮೆ ಸ್ಪಷ್ಟತೆಯ 720ಪಿ ಸಾಕು, ಅದು ತಿನ್ನುವ ಜಾಗ ಸುಮಾರು ಅರ್ಧದಷ್ಟು. ಒಲೆಯ ಹೊಗೆಗೆ ಎದುರಾಗಿ ಕೂತರೆ ಲೆನ್ಸ್ ಮಬ್ಬಾಗುತ್ತದೆ, ಆಗಾಗ ಒರೆಸಬೇಕು.

ಕೆಲವರು ಗೋಳಗುಮ್ಮಟದಲ್ಲೇ ತೆಗೆಯುತ್ತೇವೆ ಅನ್ನುತ್ತಾರೆ. ತೆಗೆಯಲಿ, ಆದರೆ ದನಿ ಅಲ್ಲಿ ಬೇಡವೇ ಬೇಡ. ಒಂದು ಪದ ಏಳೆಂಟು ಸಲ ಮರಳಿ ಬರುವಲ್ಲಿ ವಾಕ್ಯ ಯಾರಿಗೆ ತಿಳಿದೀತು? ಟ್ರೈಪಾಡ್‌ಗೂ ಪುರಾತತ್ವ ಇಲಾಖೆಯ ಅನುಮತಿ ಬೇಕು.

ದನಿ ಮುದ್ರಣಕ್ಕೆ ಎರಡು ಪೀರಿಯಡ್. ಶಾಲೆಯ ಖಾಲಿ ಕೋಣೆಯೂ ಗುಂಯ್ಗುಡುತ್ತದೆ. ಮೂಲೆಯಲ್ಲಿ ಎರಡು ಗೋಡೆಗೂ ಕೌದಿ ಇಳಿಬಿಟ್ಟು, ಅದಕ್ಕೆ ಬೆನ್ನು ಮಾಡಿ ಮಾತಾಡಿಸಿದರೆ ಗುಂಯ್ ಬಹಳಷ್ಟು ತಗ್ಗುತ್ತದೆ. ಸದ್ದು ಹೀರುವ ಸ್ಪಂಜ್‌ಗೆ ದುಡ್ಡು ಸುರಿಯಬೇಡಿ. ಫ್ಯಾನ್ ಬಂದ್. ಫೋನ್ ಬಾಯಿಂದ ಒಂದು ಗೇಣು ದೂರ, ತುಸು ಓರೆಯಾಗಿ. ನೇರ ಹಿಡಿದರೆ ‘ಪ’ದಲ್ಲಿ ಉಸಿರು ಹೊಡೆಯುತ್ತದೆ. ಒಂದೊಂದು ವಾಕ್ಯ ಒಂದೊಂದು ಕಡತ. ಇಡೀ ಎರಡು ನಿಮಿಷ ಒಂದೇ ಉಸಿರಿಗೆ ಮುದ್ರಿಸಿದರೆ ಹತ್ತನೇ ವಾಕ್ಯದ ತಪ್ಪಿಗೆ ಎಲ್ಲ ಮತ್ತೆ ಮಾಡಬೇಕು.

ಇಂಗ್ಲಿಷ್ ಚೆನ್ನಾಗಿ ಬರುವ ಒಬ್ಬಳೇ ಎಲ್ಲ ಮಾತಾಡಿಬಿಡುವುದು ಈ ಕೆಲಸದ ದೊಡ್ಡ ರೋಗ. ಐವರಿಗೂ ಕನಿಷ್ಠ ಎರಡು ವಾಕ್ಯ ಎಂದು ಮೊದಲೇ ಹೇಳಿ, 20 ಅಂಕದಲ್ಲಿ ಬರಹಕ್ಕೆ 8, ದನಿಗೆ 8, ಚಿತ್ರಕ್ಕೆ 4 ಇಟ್ಟಿದ್ದೇನೆ. ಚಿತ್ರಕ್ಕೆ ಹೆಚ್ಚು ಕೊಟ್ಟರೆ ಒಳ್ಳೆಯ ಫೋನ್ ಇದ್ದ ಮನೆಯ ಮಕ್ಕಳೇ ಗೆಲ್ಲುತ್ತಾರೆ.

ಜೋಡಣೆಗೆ ತರಗತಿಯ ಸಮಯ ಕೊಡುವುದಿಲ್ಲ. ವಿಎನ್ ಎಂಬ ವಿಡಿಯೊ ಜೋಡಿಸುವ ಆ್ಯಪ್‌ನಲ್ಲಿ ಗುಂಪಿನ ಒಬ್ಬರು ಒಂದು ಸಂಜೆಯಲ್ಲಿ ಮುಗಿಸುತ್ತಾರೆ. ಮೂಲ ಸದ್ದನ್ನು ಪೂರ್ತಿ ತೆಗೆಯದೆ ತೀರಾ ತಗ್ಗಿಸಿಟ್ಟರೆ ರೊಟ್ಟಿ ಬಡಿಯುವ ಸಪ್ಪಳ ಉಳಿಯುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ವಿಡಿಯೊ ಎಂದಲ್ಲ, ಡಾಕ್ಯುಮೆಂಟ್ ಎಂದು ಕಳಿಸಲು ಹೇಳಿ. ವಿಡಿಯೊ ಆಗಿ ಬಂದರೆ ಕುಗ್ಗಿರುತ್ತದೆ, ಪ್ರೊಜೆಕ್ಟರ್‌ಗೆ ಹಾಕಿದರೆ ಅಜ್ಜಿಯ ಕೈಯೂ ಹಿಟ್ಟೂ ಒಂದೇ ಬಣ್ಣದ ಮುದ್ದೆ.